ಮೂರನೆಯ ಹಲಗೆ

ನನ್ನ ಬಳಿ ಸರಕು ಹಡಗುಗಳ ನಾಲ್ಕು ಸಾವಿರ ಚಿತ್ರಗಳಿವೆ. ನಾನು ಹುಟ್ಟಿದ ಊರಿನ ನಾವೆಯ ಚಿತ್ರ ಒಂದೂ ಇಲ್ಲ.

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಬಂದವರು ಪಡಸಾಲೆಯ ಗೋಡೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಬಸವಣ್ಣನವರ ಪಟ, ಅಪ್ಪ ಅವ್ವನ ಫೋಟೊ, ಅವುಗಳ ಪಕ್ಕದಲ್ಲಿ ಒಂದು ಬಿಳಿಯ ಹಡಗು. ‘ನಮಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ ಸರ್?’ ಎಂದು ಕೇಳುತ್ತಾರೆ. ಇದನ್ನು ನಾನು ಕಂಡದ್ದು ಸಮುದ್ರದಲ್ಲಲ್ಲ, ಹೊಳೆಯಲ್ಲಿ ಎಂದಾಗ ಅವರ ಬೆರಗು ಇನ್ನೂ ಹೆಚ್ಚುತ್ತದೆ. ಹೊಳೆಯಲ್ಲಿ ಇಷ್ಟು ದೊಡ್ಡ ಹಡಗೇ ಎನ್ನುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಅಂದಿದ್ದೆ.

ಮಗಳು ಜರ್ಮನಿಯ ಹ್ಯಾಂಬರ್ಗಿನಲ್ಲಿ ಕೆಲಸದಲ್ಲಿದ್ದಾಳೆ. ನಾನು ನಿವೃತ್ತನಾದ ಮೇಲೆ ಮೂರು ಬೇಸಿಗೆಗಳನ್ನು ಅವಳ ಮನೆಯಲ್ಲಿ ಕಳೆದೆ. ಆ ಊರು ಎಲ್ಬೆ ನದಿಯ ದಂಡೆಯಲ್ಲಿದೆ. ಅಲ್ಲಿಂದ ಸಮುದ್ರಕ್ಕೆ ನೂರು ಕಿಲೋಮೀಟರ್ ದಾರಿ. ಆದರೂ ಕಡಲಿನ ಉಬ್ಬರವಿಳಿತ ಆ ಊರಿನವರೆಗೂ ಬರುತ್ತದೆ. ನಮ್ಮ ಕಡೆ ‘ಹೊಳೆ ಬಂತು’ ಎಂದರೆ ಮಹಾಬಳೇಶ್ವರದ ಕಡೆ ಮಳೆ ಹೊಡೆದಿದೆ ಎಂದರ್ಥ. ವರ್ಷಕ್ಕೊಂದು ಕಾಲದ ಮಾತು ಅದು. ಅಲ್ಲಿ ದಿನಕ್ಕೆ ಎರಡು ಸಲ ಹೊಳೆ ಬರುತ್ತದೆ, ಎರಡು ಸಲ ಹೋಗುತ್ತದೆ. ಮುಂಜಾನೆ ನಾನು ಕುಳಿತಿದ್ದ ಮೆಟ್ಟಿಲು ಮಧ್ಯಾಹ್ನ ನೀರಿನೊಳಗಿತ್ತು. ಊರು ಮುಳುಗಿದ್ದನ್ನು ಕಂಡವನು ನಾನು. ಮುಳುಗಿದ ಮೆಟ್ಟಿಲು ಸಂಜೆಗೆ ತಿರುಗಿ ಮೇಲೆ ಬಂದದ್ದನ್ನು ಕಂಡಾಗ ನನ್ನೊಳಗೆ ಏನಾಯಿತೆಂದು ಮಗಳಿಗೆ ಹೇಳಲು ಆಗಲಿಲ್ಲ.

ಮೊದಲ ಬೇಸಿಗೆಯಲ್ಲಿ ಕಂಡ ಹಡಗನ್ನೆಲ್ಲ ತೆಗೆದೆ. ಏವೆಲ್ಗೊನೆ ಎಂಬ ಉತ್ತರ ದಂಡೆಯ ಮರಳಿನ ಮೇಲೆ ಕುಳಿತರೆ ಕಣ್ಣೆದುರಿನ ನೀರಿನಲ್ಲಿ ನಾನೂರು ಮೀಟರ್ ಉದ್ದದ ಕಂಟೇನರ್ ಹಡಗುಗಳು ಹಾದುಹೋಗುತ್ತವೆ. ಒಂದರ ಮೇಲೊಂದು ಇಪ್ಪತ್ತು ಸಾವಿರ ಡಬ್ಬಿ ಹೊರುವ ಹಡಗುಗಳೂ ಅವುಗಳಲ್ಲಿವೆ. ಹಡಗು ಕಣ್ಣ ಮುಂದೆ ಬಂದಾಗ ಎದುರು ದಂಡೆ ಪೂರ್ತಿ ಮರೆಯಾಗುತ್ತದೆ. ಹಗಲು ಅಲ್ಲಿ ಬಿಸಿಲಿಗೆ ಎದುರಾಗಿ ಚಿತ್ರ ತೆಗೆಯಬೇಕು, ಹಡಗು ಕಪ್ಪಗೆ ಬರುತ್ತದೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ವಾಯವ್ಯಕ್ಕೆ ಸರಿದು, ರಾತ್ರಿ ಹತ್ತರ ಹತ್ತಿರ ಮುಳುಗುತ್ತಾನೆ. ಕೊನೆಯ ಒಂದೂವರೆ ಗಂಟೆ ಬೆಳಕು ನಮ್ಮ ಬೆನ್ನ ಹಿಂದಿನಿಂದ ಹಡಗಿನ ಮೇಲೆ ಬೀಳುತ್ತದೆ. ಆಗ ತುಕ್ಕಿನ ಕಲೆಯೂ ಅರಿಸಿನ ಹಚ್ಚಿದಂತೆ ಕಾಣುತ್ತದೆ. ನಾನು ಊಟ ಬಿಟ್ಟು ಆ ಬೆಳಕಿಗೆ ಕಾದಿದ್ದೇನೆ.

ಆದರೆ ತಿಂಗಳು ಕಳೆಯುವಷ್ಟರಲ್ಲಿ ಚಿತ್ರಗಳನ್ನು ತಿರುವಿ ಹಾಕುವಾಗ ಒಂದು ಖಾಲಿತನ ಕಾಡತೊಡಗಿತು. ಡಬ್ಬಿಯೊಳಗೆ ಏನಿದೆ? ಯಾರು ತುಂಬಿದರು? ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ. ಅಷ್ಟು ದೊಡ್ಡ ಹಡಗಿನ ಮೇಲೆ ಮನುಷ್ಯನೊಬ್ಬನೂ ಕಾಣುತ್ತಿರಲಿಲ್ಲ.

ಆಮೇಲೆ ‘ಕ್ಯಾಪ್ ಸ್ಯಾನ್ ಡಿಯೆಗೊ’ ಕಂಡಿತು.

ನಗರದ ನಡುವಿನ ದಕ್ಕೆಯಲ್ಲಿ ನಿಂತಿರುವ ಬಿಳಿಯ ಹಡಗು ಅದು. 1961ರಲ್ಲಿ ಹ್ಯಾಂಬರ್ಗಿನಲ್ಲಿಯೇ ಕಟ್ಟಿ ನೀರಿಗಿಳಿಸಿದ್ದು. ಉದ್ದ 159 ಮೀಟರ್; ಇಂದಿನ ದೈತ್ಯ ಹಡಗುಗಳ ಅರ್ಧಕ್ಕೂ ಕಡಿಮೆ. ಒಂದೇ ಮಾದರಿಯ ಆರು ಹಡಗುಗಳನ್ನು ದಕ್ಷಿಣ ಅಮೆರಿಕದ ದಾರಿಗೆಂದು ಕಟ್ಟಿದ್ದರು. ಅವುಗಳ ಚೆಲುವಿಗೆ ಜನ ‘ದಕ್ಷಿಣ ಅಟ್ಲಾಂಟಿಕದ ಬಿಳಿ ಹಂಸಗಳು’ ಎಂದು ಹೆಸರಿಟ್ಟಿದ್ದರು. ಐದು ಹಂಸಗಳು ಗುಜರಿ ಸೇರಿದವು. ಇದೂ ಬೇರೆ ಹೆಸರು ಹೊತ್ತು ಕೊನೆಗೆ ಒಡೆಯುವ ಕಟ್ಟೆಯ ದಾರಿ ಹಿಡಿದಾಗ, 1986ರಲ್ಲಿ ಹ್ಯಾಂಬರ್ಗ್ ನಗರ ಕೊಂಡು ಉಳಿಸಿಕೊಂಡಿತು. ಈಗ ಅದೊಂದು ವಸ್ತುಸಂಗ್ರಹಾಲಯ. ಆದರೆ ಸತ್ತ ಹಡಗಲ್ಲ. ಎಂಜಿನ್ ಇನ್ನೂ ಓಡುತ್ತದೆ, ವರ್ಷದಲ್ಲಿ ಕೆಲವು ಸಲ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೊಳೆಗಿಳಿಯುತ್ತದೆ. ನಿವೃತ್ತ ನಾವಿಕರು, ಎಂಜಿನಿಯರುಗಳು ಸಂಬಳವಿಲ್ಲದೆ ಬಂದು ಅದಕ್ಕೆ ಬಣ್ಣ ಬಳಿಯುತ್ತಾರೆ, ಎಣ್ಣೆ ಹಾಕುತ್ತಾರೆ.

ಬಿಳಿಯ ಹಡಗಿನ ಚಿತ್ರ ತೆಗೆಯುವುದು ಸುಲಭವಲ್ಲ. ಕ್ಯಾಮೆರಾ ಹೇಳಿದಂತೆ ಕೇಳಿದರೆ, ಮೋಡದ ದಿನ ಹಡಗು ಬೂದಿಯಾಗುತ್ತದೆ, ಬಿಸಿಲಿನ ದಿನ ಸುಣ್ಣದ ಗೋಡೆಯಾಗುತ್ತದೆ. ತಗಡಿನ ಜೋಡಣೆಯ ಗೆರೆಗಳು ಕಾಣುವಷ್ಟು ಬೆಳಕನ್ನು ಕಡಿಮೆ ಮಾಡಿಕೊಳ್ಳಲು ಒಂದು ವಾರ ಬೇಕಾಯಿತು. ಆ ವಾರದಲ್ಲಿ ನನ್ನ ಕಣ್ಣು ಹಡಗಿನ ಒಡಲಿನಿಂದ ಮೇಲಕ್ಕೆ, ಅದರ ಡೆರಿಕ್‌ಗಳ ಕಡೆಗೆ ಹೋಯಿತು. ಡೆರಿಕ್ ಎಂದರೆ ಕಂಬದ ಬುಡದಿಂದ ಓರೆಯಾಗಿ ಚಾಚಿದ ಎತ್ತುಗೋಲು. ಹಳೆಯ ಸರಕು ಹಡಗುಗಳಿಗೆ ಕ್ರೇನ್ ಇರುವ ಬಂದರೇ ಬೇಕೆಂದಿರಲಿಲ್ಲ. ತಮ್ಮ ಸರಕನ್ನು ತಾವೇ ಎತ್ತಿ ತಾವೇ ಇಳಿಸುತ್ತಿದ್ದವು.

ಅದು ಹೇಗೆಂದು ಆ ಹಡಗಿನ ಹಿರಿಯರೊಬ್ಬರು ನನಗೆ ಕೈಸನ್ನೆಯಲ್ಲಿ, ಅರೆಬರೆ ಇಂಗ್ಲಿಷಿನಲ್ಲಿ ತೋರಿಸಿಕೊಟ್ಟರು. ಡೆರಿಕ್‌ಗಳು ಜೋಡಿಯಾಗಿ ದುಡಿಯುತ್ತವೆ. ಒಂದರ ತುದಿ ಹಡಗಿನ ಹೊಟ್ಟೆಯ ಬಾಯಿಗೆ ನೇರವಾಗಿರುತ್ತದೆ, ಇನ್ನೊಂದರ ತುದಿ ದಕ್ಕೆಗೆ ನೇರವಾಗಿರುತ್ತದೆ. ಎರಡನ್ನೂ ಅಲುಗಾಡದಂತೆ ಬಿಗಿದಿರುತ್ತಾರೆ. ಎರಡರಿಂದಲೂ ಇಳಿದ ಉಕ್ಕಿನ ಹಗ್ಗಗಳು ಒಂದೇ ಕೊಕ್ಕೆಗೆ ಬಂದು ಸೇರುತ್ತವೆ. ದಕ್ಕೆಯ ಕಡೆಯ ಹಗ್ಗ ಎಳೆದಾಗ ಚೀಲಗಳ ಕಟ್ಟು ಮೇಲೇಳುತ್ತದೆ. ಬಳಿಕ ಒಳಗಿನ ಹಗ್ಗ ಎಳೆಯುತ್ತ ಹೊರಗಿನ ಹಗ್ಗವನ್ನು ಸಡಿಲ ಬಿಡುತ್ತಾರೆ. ಭಾರ ಒಂದು ಕೋಲಿನಿಂದ ಇನ್ನೊಂದಕ್ಕೆ ಗಾಳಿಯಲ್ಲಿಯೇ ದಾಟುತ್ತದೆ. ಹಗ್ಗ ಸುತ್ತಿ ಎಳೆಯುವ ಎರಡು ವಿಂಚ್‌ಗಳ ನಡುವೆ ತಾಳ ತಪ್ಪಿದರೆ ಹಗ್ಗ ಹರಿಯುತ್ತದೆ, ಕೆಳಗಿದ್ದವನ ಜೀವ ಹೋಗುತ್ತದೆ.

ನಾನು ಮೂವತ್ತೊಂದು ವರ್ಷ ಕೃಷಿ ಮಾರುಕಟ್ಟೆಯಲ್ಲಿ ಲೆಕ್ಕ ಬರೆದವನು. ಕ್ವಿಂಟಲ್ ಜೋಳದ ಚೀಲವನ್ನು ಇಬ್ಬರು ಹಮಾಲರು ಎತ್ತಿ ಮೂರನೆಯವನ ಬೆನ್ನಿಗೆ ಕೊಡುವುದನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ! ಕೊಡುವವರ ಕೈಯಿಂದ ಪೂರ್ತಿ ಬಿಟ್ಟಿಲ್ಲ, ಹೊರುವವನ ಬೆನ್ನಿಗೆ ಪೂರ್ತಿ ಕೂತಿಲ್ಲ ಎನ್ನುವ ಒಂದು ಕ್ಷಣವಿದೆ. ಆಗ ಚೀಲ ಮೂವರದ್ದೂ ಆಗಿರುತ್ತದೆ. ಹೊಸ ಹುಡುಗ ಆ ಕ್ಷಣದಲ್ಲಿ ಅವಸರ ಮಾಡಿದರೆ ಸೊಂಟ ಹಿಡಿಯುತ್ತದೆ. ಹಡಗಿನ ಎರಡು ಕೋಲುಗಳೂ ಒಂದು ಕೊಕ್ಕೆಯೂ ಮಾಡುತ್ತಿದ್ದದ್ದು ಅದೇ ಕೆಲಸ. ಹಿರಿಯರು ಪೆಟ್ಟಿಗೆ ತೆರೆದು ಮರದ ಹಿಡಿಯ ಒಂದು ಕೈಕೊಕ್ಕೆಯನ್ನು ಹೊರತೆಗೆದರು. ನನ್ನ ಕೈ ತಾನಾಗಿ ಮುಂದೆ ಹೋಯಿತು. ನಮ್ಮ ಹಮಾಲರ ಹೆಗಲಿಗೆ ನೇತಾಡುವ ಕೊಕ್ಕೆಯೇ ಅದು. ಅದೇ ಬಾಗು, ಅದೇ ಮೊನೆ, ಬೆವರು ಕುಡಿದು ಕಪ್ಪಾದ ಅದೇ ಹಿಡಿ. ಅದನ್ನು ಹಿಡಿದ ನನ್ನ ಬೆರಳುಗಳನ್ನು ನೋಡಿ ಅವರಿಗೆ ಏನೋ ಅರ್ಥವಾಯಿತು. ಅಂದು ಎಂಜಿನ್ ಕೋಣೆಯ ತಳದವರೆಗೂ ಅವರೇ ಕರೆದುಕೊಂಡು ಹೋದರು.

ಹಡಗಿನ ಹೊಟ್ಟೆಯಲ್ಲಿ ನಿಂತಾಗ ಅಲ್ಲಿನ ಲೆಕ್ಕಾಚಾರವೂ ತಿಳಿಯಿತು. ಕೊನೆಯ ಬಂದರಿನ ಸರಕು ಮೊದಲು ಒಳಗೆ ಹೋಗಬೇಕು. ಮೊದಲ ಬಂದರಿನದು ಕೊನೆಗೆ. ಭಾರದ್ದು ತಳಕ್ಕೆ. ಕಾಫಿ ಚೀಲದ ಹತ್ತಿರ ವಾಸನೆಯ ಸಾಮಾನು ಇಡುವಂತಿಲ್ಲ, ಕಾಫಿ ಅದನ್ನು ಹೀರಿಕೊಳ್ಳುತ್ತದೆ. ಎಡಬಲ ತೂಗಬೇಕು, ಹಿಂದುಮುಂದೂ ತೂಗಬೇಕು. ಬೆಲ್ಲದ ಪೆಂಟಿಯ ಪಕ್ಕದಲ್ಲಿ ಒಣಮೆಣಸಿನಕಾಯಿ ಚೀಲ ಹೇರಿಸಿದ ಲಾರಿಯವನನ್ನು ನಮ್ಮ ಹಳೆಯ ಹಮಾಲರೊಬ್ಬರು ಬೈದು ಇಡೀ ಲಾರಿಯನ್ನು ಮತ್ತೆ ಇಳಿಸಿದ್ದು ಅಲ್ಲಿ ನೆನಪಾಯಿತು. ಅವರಿಗೆ ಓದು ಬರುತ್ತಿರಲಿಲ್ಲ. ಈ ಹಡಗಿನ ಹೊಟ್ಟೆಗೆ ಇಳಿಸಿದ್ದರೆ ಅರ್ಧ ದಿನದಲ್ಲಿ ಅದರ ಮರ್ಮ ಹಿಡಿಯುತ್ತಿದ್ದರು ಎಂದು ನಾನು ಖಂಡಿತ ನಂಬುತ್ತೇನೆ.

ನಮ್ಮ ಎರೆಮಣ್ಣಿಗೂ ಇಂಥ ಹಡಗಿನ ಹೊಟ್ಟೆಗಳಿಗೂ ಹಳೆಯ ನಂಟಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಪೇಟೆಯಲ್ಲಿ ನಮ್ಮ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಬೆಳೆದ ಊರಿನ ಹೆಸರು ಅಳಿಸಿ ಹಡಗು ಹತ್ತಿದ ಊರಿನ ಹೆಸರು ನಿಂತಿತು. ಮಾರುಕಟ್ಟೆಯಲ್ಲಿದ್ದಷ್ಟು ಕಾಲ ಈ ಹೆಸರು ನನಗೆ ಬರೀ ಒಂದು ತಳಿಯ ಹೆಸರಾಗಿತ್ತು.

ಎರಡನೆಯ ಬೇಸಿಗೆಯಿಂದ ನಾನು ಹಳೆಯ ಹಡಗುಗಳನ್ನೇ ಹುಡುಕಿಕೊಂಡು ಹೋದೆ. ಬಂದರಿನ ಹಳೆಯ ಉಗ್ರಾಣಗಳ ಮುಂದೆ 1958ರ ‘ಬ್ಲೈಶೆನ್’ ಎಂಬ ಪುಟ್ಟ ಸರಕು ಹಡಗಿದೆ. ಅದೇ ನೆರೆಯಲ್ಲಿ 1911ರ ‘ಪೀಕಿಂಗ್’ ಎಂಬ ನಾಲ್ಕು ಕಂಬದ ಹಾಯಿ ಹಡಗು 2020ರಿಂದ ನೆಲೆ ನಿಂತಿದೆ. ಊರಿನಿಂದ ಕೆಳಗೆ ವೇಡೆಲ್ ಎಂಬಲ್ಲಿ, 1952ರಿಂದ, ಬಂದು ಹೋಗುವ ದೊಡ್ಡ ಹಡಗುಗಳಿಗೆ ಧ್ವನಿವರ್ಧಕದಲ್ಲಿ ಆಯಾ ದೇಶದ ರಾಷ್ಟ್ರಗೀತೆ ನುಡಿಸಿ ಬಾವುಟ ಇಳಿಸಿ ಏರಿಸಿ ವಂದಿಸುತ್ತಾರೆ. ಹೊಳೆಯ ದಂಡೆಯಲ್ಲಿ ಕುಳಿತ ಜನ ಹಡಗಿಗೆ ಕೈಬೀಸುತ್ತಾರೆ. ಬಾಗಿನ ಅರ್ಪಿಸಲು ಹೊಳೆಗೆ ಹೋದವರ ಮುಖದಲ್ಲಿ ಕಾಣುವ ಸಂತೋಷವನ್ನು ನಾನು ಅವರ ಮುಖದಲ್ಲಿ ಕಂಡೆ.

ಹಳೆಯದಿರಲಿ ಹೊಸದಿರಲಿ, ಪ್ರತಿ ಹಡಗಿನಲ್ಲೂ ನಾನು ತಪ್ಪದೆ ತೆಗೆಯುವ ಚಿತ್ರ ಒಂದಿದೆ. ಹಡಗಿನ ಪಕ್ಕೆಯ ನಡುವೆ ಒಂದು ವೃತ್ತ, ಅದನ್ನು ಅಡ್ಡಕ್ಕೆ ಸೀಳಿದ ಒಂದು ಗೆರೆ, ಪಕ್ಕದಲ್ಲಿ ಏಣಿಯಂತೆ ಇನ್ನೂ ಕೆಲವು ಗೆರೆಗಳು. ಇದನ್ನು ಪ್ಲಿಮ್ಸಾಲ್ ಗೆರೆ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಲಾಭಕ್ಕಾಗಿ ಮಿತಿಮೀರಿ ಹೇರಿದ ಹಡಗುಗಳು ಮುಳುಗುತ್ತಿದ್ದವು. ಮಾಲೀಕನಿಗೆ ವಿಮೆಯ ಹಣ ಬರುತ್ತಿತ್ತು, ನಾವಿಕನ ಹೆಂಡತಿ ವಿಧವೆಯಾಗುತ್ತಿದ್ದಳು. ಅಂಥ ಹಡಗುಗಳನ್ನು ಜನ ಶವಪೆಟ್ಟಿಗೆಗಳೆಂದೇ ಕರೆಯುತ್ತಿದ್ದರು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸದ ವರ್ಷಗಟ್ಟಲೆ ಜಗಳವಾಡಿ, 1876ರಲ್ಲಿ ಹಡಗಿನ ಮೈಮೇಲೆ ಗೆರೆ ಬರೆಯುವುದನ್ನು ಕಾನೂನು ಮಾಡಿಸಿದರು. ಗೆರೆ ನೀರಿನೊಳಗೆ ಹೋಗುವಂತಿಲ್ಲ. ಏಣಿಯ ಗೆರೆಗಳು ಬೇಸಿಗೆಯ ಕಡಲಿಗೊಂದು, ಚಳಿಗಾಲದ ಕಡಲಿಗೊಂದು, ಹೊಳೆಯ ಸಿಹಿನೀರಿಗೊಂದು. ಸಿಹಿನೀರು ಉಪ್ಪುನೀರಿಗಿಂತ ಹಗುರ. ಅದೇ ಭಾರಕ್ಕೆ ಹಡಗು ಹೊಳೆಯಲ್ಲಿ ಇನ್ನಷ್ಟು ತಗ್ಗುತ್ತದೆ. ಆದ್ದರಿಂದ ಹೊಳೆಯ ಗೆರೆ ಕಡಲಿನ ಗೆರೆಗಿಂತ ಮೇಲೆ ಇರುತ್ತದೆ.

ಆ ಗೆರೆಯನ್ನು ಮೊದಲ ಸಲ ಕ್ಯಾಮೆರಾದೊಳಗೆ ಹತ್ತಿರ ಎಳೆದುಕೊಂಡು ನೋಡಿದಾಗ ನನಗೆ ಕೇಳಿಸಿದ್ದು ಅಂಬಿಗರ ಕಾಕಾನ ಧ್ವನಿ.

ನಮ್ಮ ಊರು ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯಲ್ಲಿತ್ತು. ಆಚೆ ದಂಡೆಗೆ ಹೋಗಲು ನಾವೆಯೇ ಗತಿ. ಜೋಳದ ಚೀಲ, ಹತ್ತಿಯ ಅಂಡಿಗೆ, ಆಡು, ಮದುವೆಯ ದಿಬ್ಬಣ, ಶಾಲೆಯ ಮಕ್ಕಳು, ಒಮ್ಮೊಮ್ಮೆ ಗಾಲಿ ಕಳಚಿದ ಗಾಡಿ, ಎಲ್ಲವೂ ಅದರಲ್ಲಿ ದಾಟಬೇಕು. ಊರಿನವರಿಂದ ಕಾಕಾ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಜೋಳ ಒಯ್ಯುತ್ತಿದ್ದ. ನಾವೆಯ ಪಕ್ಕೆಗೆ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ ಬಿರುಕಿಗೆ ಡಾಂಬರು ತುಂಬಿದ್ದರು. ಮೇಲಿನಿಂದ ಮೂರನೆಯ ಹಲಗೆ ಕಾಕಾನ ಗಡಿ. ನೀರು ಆ ಹಲಗೆಯನ್ನು ಮುಟ್ಟಿದರೆ ನಾವೆ ದಂಡೆ ಬಿಡುತ್ತಿರಲಿಲ್ಲ.

ಒಂದು ಸಲ ಶ್ರಾವಣದಲ್ಲಿ, ಹೊಳೆ ಬಂದಿದ್ದಾಗ, ನಮ್ಮ ಮುತ್ಯಾ ಸಂತೆಗೆಂದು ಚೀಲಗಳನ್ನು ಹೇರಿಸಿದ. ಆತನಿಗೆ ಅಂದು ದುಡ್ಡಿನ ಅವಸರವಿತ್ತು. ಕಾಕಾ ಬಗ್ಗಿ ನೀರು ನೋಡಿದ. ‘ಯಜಮಾನರೇ, ಮೂರನೆಯ ಹಲಗೆ ಮುಳುಗಿತು. ಎರಡು ಚೀಲ ಇಳಿಯಬೇಕು, ಇಲ್ಲವೇ ನಾನು ಇಳಿಯಬೇಕು’ ಎಂದ. ಮುತ್ಯಾ ಸಿಟ್ಟಿನಿಂದ ಕೂಗಾಡಿದ. ಕಾಕಾ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತ. ಎರಡು ಚೀಲ ಇಳಿದವು. ನಡುಹೊಳೆಯಲ್ಲಿ ಸುಳಿ ಎದ್ದು ನೀರು ನಾವೆಯ ಅಂಚಿನವರೆಗೆ ಬಂದು ಹೋದಾಗ ಮುತ್ಯಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದ. ಆಚೆ ದಂಡೆಯಲ್ಲಿ ಇಳಿದ ಮೇಲೆ, ಒಂದೂ ಮಾತಾಡದೆ, ತನ್ನ ಎಲೆ ಅಡಿಕೆಯ ಚೀಲವನ್ನು ಬಿಚ್ಚಿ ಕಾಕಾನ ಮುಂದೆ ಹಿಡಿದ.

ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನೀರಿನ ಮಟ್ಟ 519.60 ಮೀಟರ್ ಎಂಬ ಅಂಕಿ ನಮ್ಮ ಕಡೆಯ ಚಿಕ್ಕ ಮಕ್ಕಳಿಗೂ ಬಾಯಿಪಾಠ. ನಮ್ಮ ಊರು ಖಾಲಿಯಾಗುವ ಹೊತ್ತಿಗೆ ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು. ಮೂವತ್ತಾರು ಚಿತ್ರಗಳ ಒಂದು ರೀಲು ಹಾಕಿಕೊಂಡು ಹೋದೆ. ಮನೆಯ ತಲೆಬಾಗಿಲು ತೆಗೆದೆ. ಹನುಮಂತ ದೇವರ ಗುಡಿ, ಬೇವಿನ ಕಟ್ಟೆ, ಹಗೇವಿನ ಬಾಯಿ, ಮುತ್ಯಾ ಕೂರುತ್ತಿದ್ದ ಕಲ್ಲು ಎಲ್ಲವನ್ನೂ ತೆಗೆದೆ. ನಾವೆಯನ್ನು ದಂಡೆಗೆಳೆದು ಬೋರಲು ಹಾಕಿದ್ದರು. ಅದರ ಪಕ್ಕದಲ್ಲಿಯೇ ಹಾದು ಹೋದೆ. ಅದು ನನಗೆ ದಾರಿಯಾಗಿತ್ತು. ದಾರಿಯ ಚಿತ್ರ ತೆಗೆಯಬೇಕೆಂದು ಹೊಳೆಯಲಿಲ್ಲ. ರೀಲು ಮುಗಿಯಿತು, ಬಸ್ಸಿನ ಹೊತ್ತಾಯಿತು. ಕಾಕಾನ ಚಿತ್ರವೂ ಇಲ್ಲ, ಆ ಹಲಗೆಯದೂ ಇಲ್ಲ.

ಕಂಟೇನರ್ ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕಿನಿಂದ ಹ್ಯೂಸ್ಟನ್‌ಗೆ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಡಬ್ಬಿ ಹೊತ್ತು ಹೊರಟಿತು. 1968ರಲ್ಲಿ ಹ್ಯಾಂಬರ್ಗಿಗೂ ಕಂಟೇನರ್ ಹಡಗು ಬಂತು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಎಷ್ಟೋ ಬೆನ್ನುಗಳು ಉಳಿದವು, ಎಷ್ಟೋ ಕೂಲಿಗಳು ಹೋದವು. ನಮ್ಮ ಮಾರುಕಟ್ಟೆಯ ಹಮಾಲರ ಬೆನ್ನನ್ನು ಕಂಡವನಾಗಿ, ಆ ದುಡಿಮೆ ಹಾಗೆಯೇ ಇರಲಿ ಎಂದು ಹಾರೈಸುವ ಹಕ್ಕು ನನಗಿಲ್ಲ. ಆದರೆ ಅದನ್ನು ಬಲ್ಲ ಕೈಗಳು ಇದ್ದವು ಎಂಬುದಕ್ಕೆ ಸಾಕ್ಷಿ ಬೇಕು. ಹಳೆಯ ಹಡಗಿನ ಮೈಮೇಲೆ ಆ ಸಾಕ್ಷಿ ಬಯಲಾಗಿ ಕಾಣುತ್ತದೆ: ಪ್ರತಿ ಕೊಕ್ಕೆ, ಪ್ರತಿ ರಾಟೆ ಒಬ್ಬ ಮನುಷ್ಯ ನಿಂತ ಜಾಗವನ್ನು ತೋರಿಸುತ್ತದೆ. ಅಂಥ ಹಡಗುಗಳು ಉಳಿದದ್ದು ಬೆರಳೆಣಿಕೆಯಷ್ಟು. ಮಿಕ್ಕವು ಒಡೆದು ಚೂರಾದವು. ಗುಜರಾತಿನ ಅಲಂಗ್ ದಂಡೆಯಲ್ಲಿ 1983ರಿಂದ ಆ ಕೆಲಸ ನಡೆದಿದೆ; ದೊಡ್ಡ ಉಬ್ಬರದ ದಿನ ಹಡಗನ್ನು ದಂಡೆಗೆ ನುಗ್ಗಿಸಿ, ನೀರು ಇಳಿದ ಮೇಲೆ ಕತ್ತರಿಸುತ್ತಾರೆ.

ಮೂರನೆಯ ಬೇಸಿಗೆ ಮುಗಿಸಿ ಬಂದ ಮೇಲೆ ಮಗಳು ಫೋನಿನಲ್ಲಿ, ‘ಅಪ್ಪಾ, ಅಲ್ಲಿ ಈಗ ಯಾವ ಹಡಗು ತೆಗೆಯುತ್ತೀರಿ?’ ಎಂದು ಕೇಳಿದಳು. ಸುಮ್ಮನೆ ಕೇಳಿದ ಮಾತು. ನನಗೆ ನಾಲ್ಕು ದಿನ ನಿದ್ದೆ ಬರಲಿಲ್ಲ.

ಜಮಖಂಡಿ ತಾಲ್ಲೂಕಿನ ಕಂಕಣವಾಡಿಯ ಹತ್ತಿರ ಹೊಳೆಯ ನಡುವೆ ಗಡ್ಡೆಯೊಂದಿದೆ. ಅಲ್ಲಿ ಹೊಲಗಳಿವೆ, ಕಬ್ಬು ಬೆಳೆಯುತ್ತಾರೆ. ಆ ಕಬ್ಬು ಕಾರ್ಖಾನೆಗೆ ಹೋಗಬೇಕಾದರೆ ಮೊದಲು ಹೊಳೆ ದಾಟಬೇಕು. ಈ ಹಂಗಾಮಿನಲ್ಲಿ, ಮುಂಜಾನೆಯ ಚಳಿಯಲ್ಲಿ, ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದೆ. ದೋಣಿಗಳನ್ನು ಜೊತೆಗೂಡಿಸಿ ಮೇಲೆ ಹಾಸು ಹಾಕಿದ್ದರು. ಕಟಾವಿನ ಗ್ಯಾಂಗಿನವರು ರವದಿ ಸುಲಿದ ಕಬ್ಬಿನ ಹೊರೆಗಳನ್ನು ತಲೆಯ ಮೇಲೆ ಹೊತ್ತು ತಂದು ಹಲಗೆಯ ಮೇಲೆ ನಡೆದು ಒಳಗೆ ಇಡುತ್ತಿದ್ದರು. ಇಡುವವನೊಬ್ಬ, ಜೋಡಿಸುವವರಿಬ್ಬರು. ತುದಿ ಒಂದು ಕಡೆ, ಬುಡ ಒಂದು ಕಡೆ. ಮುಂದಿನ ಸಾಲಿನಲ್ಲಿ ಅದು ತಿರುಗಮುರುಗ. ಹಾಗೆ ಇಟ್ಟರೆ ಭಾರ ಎರಡೂ ಪಕ್ಕಕ್ಕೆ ಸಮನಾಗುತ್ತದೆ ಎಂದು ಜೋಡಿಸುತ್ತಿದ್ದ ಹೆಣ್ಣುಮಗಳು ನನಗೆ ಹೇಳಿಕೊಟ್ಟಳು.

ದೋಣಿಯವನಿಗೆ ಇಪ್ಪತ್ತೈದು ವಯಸ್ಸಿರಬಹುದು. ‘ಕಾಕಾ, ಇದರ ಫೋಟೊ ಯಾಕೆ?’ ಎಂದ. ಮೊಬೈಲಿನಲ್ಲಿದ್ದ ಬಿಳಿಯ ಹಡಗನ್ನು ತೋರಿಸಿದೆ. ಅವನು ಎರಡು ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸಿದ. ಡೆರಿಕ್‌ಗಳನ್ನು ದಾಟಿದ, ಚಿಮಣಿಯನ್ನು ದಾಟಿದ, ಕೆಳಗೆ ನೀರು ಮುಟ್ಟುವ ಜಾಗಕ್ಕೆ ಬಂದು ನಿಂತ. ‘ಇನ್ನೂ ಬಹಳ ಹೇರಬಹುದು ಕಾಕಾ, ಖಾಲಿ ಇದೆ’ ಎಂದ.

ಮತ್ತೆ ನಾಲ್ಕು ಹೊರೆ ಬಂದವು. ಅವನು ಮೊಬೈಲನ್ನು ನನ್ನ ಕೈಗಿತ್ತು, ದೋಣಿಯ ಅಂಚಿಗೆ ಹೋಗಿ ಬಗ್ಗಿದ. ಅಂಗೈಯನ್ನು ಮಡಚಿ ನೀರಿಗೂ ಅಂಚಿಗೂ ನಡುವೆ ಇಟ್ಟು ಅಳೆದ. ತಲೆಯೆತ್ತದೆ, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ, ಸಾಕು ಎಂದು ಸನ್ನೆ ಮಾಡಿದ. ಹೊರೆ ಹೊತ್ತು ಬಂದಿದ್ದವನು ಹಲಗೆಯ ಮೇಲೆ ಅಲ್ಲಿಯೇ ನಿಂತ. ನಾನು ಕ್ಯಾಮೆರಾ ಕಣ್ಣಿಗೆ ಹಚ್ಚಿದೆ.